ರೋಗಿಯ ಪಕ್ಕದ ಪಾಠ ಎಲ್ಲಿಗೆ ಬಂತು?

2014ರಲ್ಲಿ ದೇಶದಲ್ಲಿದ್ದ ವೈದ್ಯಕೀಯ ಕಾಲೇಜುಗಳು 387. ಈಗ ಅವು 700 ದಾಟಿವೆ. ಆಗ 51,348 ಇದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷ ಮೀರಿವೆ. ಜಿಲ್ಲೆಗೊಂದು ಕಾಲೇಜು ಬೇಕೆಂಬ ಬೇಡಿಕೆ, ಸೀಟು ಹಂಚಿಕೆ, ಶುಲ್ಕ, ಮೀಸಲಾತಿ, ಕೌನ್ಸೆಲಿಂಗ್ ಗೊಂದಲ ಇವೆಲ್ಲ ಪ್ರತಿವರ್ಷ ಪತ್ರಿಕೆಗಳ ಮುಖಪುಟಕ್ಕೆ ಬರುತ್ತವೆ. ಸೀಟು ಸಿಕ್ಕ ಮೇಲೆ ಆ ಹುಡುಗ ಹುಡುಗಿಯರಿಗೆ ವಾರ್ಡಿನಲ್ಲಿ ಯಾರು, ಹೇಗೆ, ಎಷ್ಟು ಹೊತ್ತು ಕಲಿಸುತ್ತಾರೆ ಎಂಬುದು ಮಾತ್ರ ಸುದ್ದಿಯಾಗುವುದಿಲ್ಲ. ಮುಂದೊಂದು ದಿನ ನಮ್ಮ ಎದೆಗೆ ಸ್ಟೆತಾಸ್ಕೋಪ್ ಇಡುವ ವೈದ್ಯರು ಎಂಥವರಾಗಿರುತ್ತಾರೆ ಎಂಬುದು ಬಹುಮಟ್ಟಿಗೆ ಇದರ ಮೇಲೇ ನಿಂತಿದೆ.

ಬೋಧನಾ ಆಸ್ಪತ್ರೆಯ ವಾರ್ಡಿನಲ್ಲಿ ಒಂದು ಏಣಿ ಇರುತ್ತದೆ. ಮೇಲೆ ಯೂನಿಟ್ ಚೀಫ್, ಕೆಳಗೆ ಅಸಿಸ್ಟೆಂಟ್ ಪ್ರೊಫೆಸರ್, ಸೀನಿಯರ್ ರೆಸಿಡೆಂಟ್, ಪಿ.ಜಿ., ಹೌಸ್ ಸರ್ಜನ್, ಕೊನೆಗೆ ಪುಸ್ತಕ ಹಿಡಿದ ಎಂಬಿಬಿಎಸ್ ವಿದ್ಯಾರ್ಥಿ. ಪ್ರತಿ ಯೂನಿಟ್ಟಿಗೂ ತನ್ನದೇ ಹಾಸಿಗೆ, ಓಪಿಡಿ ದಿನ, ಅಡ್ಮಿಷನ್ ದಿನ. ವಿದ್ಯಾರ್ಥಿ ಕೇಸ್ ತೆಗೆದುಕೊಂಡು ರೌಂಡ್ಸ್‌ನಲ್ಲಿ ಒಪ್ಪಿಸುತ್ತಾನೆ, ಮೇಲಿನವರು ತಿದ್ದುತ್ತಾರೆ. ತಲೆಮಾರುಗಳಿಂದ ನಡೆದುಬಂದ ಪದ್ಧತಿ ಇದು. ಏಣಿ ಈಗಲೂ ಇದೆ. ಆದರೆ ಅದರ ಮೇಲೆ ಪಾಠ ಇಳಿದು ಬರುತ್ತಿದೆಯೇ ಎಂಬುದು ಇಲ್ಲಿನ ಪ್ರಶ್ನೆ.

ಹನ್ನೆರಡು ಹಾಸಿಗೆಯ ಪಾಠಶಾಲೆ

ರೋಗಿಯನ್ನು ಮುಂದಿಟ್ಟುಕೊಂಡು ಪಾಠ ಮಾಡುವ ಕ್ರಮ ಯೂರೋಪಿನಲ್ಲಿ ಹೆಸರು ಮಾಡಿದ್ದು ಹಾಲೆಂಡಿನ ಲೈಡನ್ ನಗರದಲ್ಲಿ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಹರ್ಮಾನ್ ಬೂರ್‌ಹಾವೆ ಅಲ್ಲಿ ಕಲಿಸುತ್ತಿದ್ದ. ಅವನ ಕೈಯಲ್ಲಿದ್ದದ್ದು ಗಂಡಸರಿಗೆ ಆರು, ಹೆಂಗಸರಿಗೆ ಆರು, ಒಟ್ಟು ಹನ್ನೆರಡೇ ಹಾಸಿಗೆ. ಆ ಹನ್ನೆರಡು ಹಾಸಿಗೆಯ ಸುತ್ತ ನಿಲ್ಲಲು ಯೂರೋಪಿನ ಮೂಲೆಮೂಲೆಯಿಂದ ವಿದ್ಯಾರ್ಥಿಗಳು ಬಂದರು. ಅವನ ಶಿಷ್ಯರು ಎಡಿನ್‌ಬರೋ, ವಿಯೆನ್ನಾಗಳಿಗೆ ಆ ಪದ್ಧತಿಯನ್ನು ಒಯ್ದರು. ಒಳ್ಳೆಯ ಪಾಠಕ್ಕೆ ಸಾವಿರ ಹಾಸಿಗೆ ಬೇಕಿಲ್ಲ ಎಂಬುದಕ್ಕೆ ಇತಿಹಾಸ ಕೊಡುವ ಮೊದಲ ಸಾಕ್ಷಿ ಇದು.

ಈ ಪದ್ಧತಿಗೆ ಇಂದಿನ ರೂಪ ಬಂದದ್ದು ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ 1889ರಲ್ಲಿ, ಅದರ ವೈದ್ಯಕೀಯ ಶಾಲೆ 1893ರಲ್ಲಿ ತೆರೆದವು. ಅಲ್ಲಿ ವಿಲಿಯಂ ಆಸ್ಲರ್ ಕೊನೆಯ ಎರಡು ವರ್ಷದ ವಿದ್ಯಾರ್ಥಿಗಳನ್ನು ಉಪನ್ಯಾಸದ ಕೊಠಡಿಯಿಂದ ವಾರ್ಡಿಗೆ ಕರೆತಂದ. ಅವರು ನೋಡಿ ಹೋಗುವವರಾಗಿ ಬರಲಿಲ್ಲ. ಪ್ರತಿಯೊಬ್ಬರಿಗೂ ಕೆಲವು ರೋಗಿಗಳ ಹೊಣೆ ಬಿತ್ತು. ವಿವರ ಬರೆಯುವುದು, ಮೂತ್ರ ರಕ್ತ ಪರೀಕ್ಷಿಸುವುದು, ರೌಂಡ್ಸ್‌ನಲ್ಲಿ ಉತ್ತರ ಕೊಡುವುದು ಅವರ ಪಾಲಿಗೆ ಬಂತು. ಪದವಿ ಮುಗಿದವರು ಆಸ್ಪತ್ರೆಯಲ್ಲೇ ವಾಸವಿದ್ದು ವರ್ಷಗಟ್ಟಲೆ ಪಳಗುವ ರೆಸಿಡೆನ್ಸಿಯೂ ಅಲ್ಲೇ ಗಟ್ಟಿಯಾಯಿತು. ತನ್ನ ಸಮಾಧಿಯ ಮೇಲೆ ಬರೆಯುವುದಾದರೆ ವಾರ್ಡಿನಲ್ಲಿ ವಿದ್ಯಾರ್ಥಿಗಳಿಗೆ ಕಲಿಸಿದವನು ಎಂದಷ್ಟೇ ಬರೆದರೆ ಸಾಕು ಎಂಬುದು ಆಸ್ಲರನ ಆಸೆಯಾಗಿತ್ತು. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ, ಕೆನಡಾಗಳ ವೈದ್ಯಕೀಯ ಶಾಲೆಗಳನ್ನು ಸುತ್ತಿ ವರದಿ ಬರೆದಾಗ ಅಳತೆಗೋಲಾಗಿ ಹಿಡಿದದ್ದು ಈ ಶಾಲೆಯನ್ನೇ. ಆಸ್ಪತ್ರೆಯ ಮೇಲೆ ಹಿಡಿತವಿಲ್ಲದ, ಹಣಕ್ಕಾಗಿ ನಡೆಯುತ್ತಿದ್ದ ಎಷ್ಟೋ ಶಾಲೆಗಳು ಆ ವರದಿಯ ನಂತರ ಬಾಗಿಲು ಹಾಕಿದವು.

ನಮ್ಮಲ್ಲಿ ಬಂದದ್ದು ಬ್ರಿಟಿಷ್ ಮಾದರಿ. ಮೈಸೂರು ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಹೋಯಿತು. ಅಲ್ಲಿ ಕೆ.ಆರ್. ಆಸ್ಪತ್ರೆಯೇ ಅದರ ಪಾಠಶಾಲೆಯಾಯಿತು. 1953ರಲ್ಲಿ ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಖಾಸಗಿ ಕಾಲೇಜು ತೆರೆದಾಗ ಕ್ಲಿನಿಕಲ್ ಪಾಠಕ್ಕೆ ನೆರವಾದದ್ದು ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆ. 1955ರಲ್ಲಿ ಶುರುವಾದ ಬೆಂಗಳೂರು ಮೆಡಿಕಲ್ ಕಾಲೇಜಿಗೆ ವಿಕ್ಟೋರಿಯಾ ಆಸ್ಪತ್ರೆ ಇತ್ತು. ಕಾಲೇಜು ಯಾರದೇ ಇರಲಿ, ನಮ್ಮ ವೈದ್ಯರಿಗೆ ವೈದ್ಯ ಕಲಿಸಿದ್ದು ಬಹುಪಾಲು ಬಡ ರೋಗಿಗಳ ಮೈ. ಈ ಋಣದ ಮಾತು ಮುಂದೆ ಬರುತ್ತದೆ.

ಸ್ಕ್ಯಾನ್ ಇರುವಾಗ ಕೈ ಯಾಕೆ?

ಎಂ.ಆರ್.ಐ., ಎಕೋ, ನೂರೆಂಟು ರಕ್ತಪರೀಕ್ಷೆ ಇರುವ ಈ ದಿನಗಳಲ್ಲಿ ರೋಗಿಯ ಪಕ್ಕ ಕೂತು ಗಂಟೆಗಟ್ಟಲೆ ಮಾತಾಡಿಸುವುದು ಹಳೆಯವರ ಹಟ ಎನ್ನುವವರಿದ್ದಾರೆ. ಇದಕ್ಕೆ ಉತ್ತರ ಭಾವುಕತೆಯಲ್ಲಿ ಹುಡುಕಬೇಕಾಗಿಲ್ಲ, ಅಂಕಿಅಂಶದಲ್ಲೇ ಇದೆ. 1975ರಲ್ಲಿ ಬ್ರಿಟನ್ನಿನಲ್ಲಿ ನಡೆದ ಹೆಸರಾಂತ ಅಧ್ಯಯನವೊಂದರಲ್ಲಿ 80 ಹೊಸ ರೋಗಿಗಳ ಪೈಕಿ 66 ಮಂದಿಯ ಕಾಯಿಲೆ ಅವರು ಹೇಳಿದ ವಿವರದಿಂದಲೇ ಗೊತ್ತಾಗಿತ್ತು. ಕಾಲು ಶತಮಾನದ ನಂತರ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನವರು ಇದೇ ಪ್ರಶ್ನೆಯನ್ನು ನಮ್ಮ ರೋಗಿಗಳ ಮಟ್ಟಿಗೆ ಕೇಳಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿಯೂ ಉತ್ತರ ಹೆಚ್ಚುಕಡಿಮೆ ಅದೇ. ಐದರಲ್ಲಿ ಸುಮಾರು ನಾಲ್ಕು ರೋಗಿಗಳ ಕಾಯಿಲೆಗೆ ದಾರಿ ತೋರಿಸಿದ್ದು ಅವರ ಮಾತು. ಉಳಿದ ಪಾಲು ಮೈ ಮುಟ್ಟಿ ನೋಡುವುದಕ್ಕೂ ಪ್ರಯೋಗಾಲಯಕ್ಕೂ ಹಂಚಿಹೋಗಿತ್ತು.

ಮುಟ್ಟಿ ನೋಡುವುದರ ಪಾಲು ಚಿಕ್ಕದೆಂದು ಕಂಡರೂ, ಅದು ತಪ್ಪಿದಾಗ ಆಗುವ ನಷ್ಟ ಚಿಕ್ಕದಲ್ಲ. ಮಲೆನಾಡು, ಕರಾವಳಿಯ ಆಸ್ಪತ್ರೆಗಳಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ಬರುವ ಜ್ವರದ ರೋಗಿಗಳನ್ನೇ ತೆಗೆದುಕೊಳ್ಳಿ. ತೋಟದ ಕೆಲಸಕ್ಕೆ ಹೋಗುವ ಹೆಂಗಸು, ಎಂಟು ದಿನದ ಜ್ವರ, ವಿಪರೀತ ತಲೆನೋವು, ಪ್ಲೇಟ್‌ಲೆಟ್ ಇಳಿದಿದೆ. ವಿದ್ಯಾರ್ಥಿನಿ ಕೇಸ್ ಒಪ್ಪಿಸುತ್ತಾಳೆ.

“ಏನಿರಬಹುದಮ್ಮ?” ಎಂದು ಮೇಷ್ಟ್ರು ಕೇಳುತ್ತಾರೆ.

“ಡೆಂಗಿ ಇರಬಹುದು ಸರ್.”

“ಯಾಕೆ ಹಾಗಂತೀಯ?”

“ಪ್ಲೇಟ್‌ಲೆಟ್ ಕಡಿಮೆ ಇದೆ ಸರ್. ಸೀಸನ್ ಕೂಡ ಅದೇ.”

“ಎಂಟನೇ ದಿನಾನೂ ಜ್ವರ ಹೀಗೇ ಏರ್ತಿದೆಯಲ್ಲ, ಡೆಂಗಿ ಹಾಗೆ ಮಾಡುತ್ತಾ? ಕಂಕುಳು ನೋಡಿದೆಯಾ?”

ಆಕೆ ನೋಡಿಲ್ಲ. ಪರದೆ ಎಳೆಯುತ್ತಾರೆ, ಸಿಸ್ಟರ್ ಪಕ್ಕದಲ್ಲಿ ನಿಲ್ಲುತ್ತಾರೆ. “ಅಮ್ಮಾ, ಕೈ ಸ್ವಲ್ಪ ಮೇಲೆತ್ತುತ್ತೀರಾ?” ಕಂಕುಳ ಮಡಿಕೆಯಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ನೋವಿಲ್ಲ, ತುರಿಕೆಯಿಲ್ಲ, ಹಾಗಾಗಿ ಹೊತ್ತವಳಿಗೇ ಅದರ ಸುಳಿವಿಲ್ಲ. ಸ್ಕ್ರಬ್ ಟೈಫಸ್ ಹರಡುವ ಸಣ್ಣ ನುಸಿ ಕಚ್ಚಿದ ಗುರುತು ಅದು. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಕೊಟ್ಟರೆ ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಬಿಡುತ್ತದೆ. ಕೊಡದೆ ಹೋದರೆ ಶ್ವಾಸಕೋಶ, ಮೂತ್ರಪಿಂಡ, ಮೆದುಳಿಗೆ ಏಟು ಬಿದ್ದು ಜೀವವೇ ಹೋಗಬಹುದು. ಹಕ್ಕಳೆ ಎಲ್ಲರಲ್ಲೂ ಇರುವುದಿಲ್ಲ. ಇದ್ದಾಗ ಅದನ್ನು ಕಾಣುವುದಕ್ಕೆ ಯಾವ ಯಂತ್ರವೂ ಬೇಡ, ಕೈ ಎತ್ತಿಸಿ ನೋಡುವ ಅಭ್ಯಾಸವಿದ್ದರೆ ಸಾಕು. ಆ ವಿದ್ಯಾರ್ಥಿನಿ ಮುಂದೆ ಜ್ವರದ ಯಾವ ರೋಗಿಯ ಕಂಕುಳನ್ನೂ ನೋಡದೆ ಬಿಡುವುದಿಲ್ಲ.

ಐದು ನಿಮಿಷದ ಈ ಪಾಠದ ಹಿಂದೆ ಒಂದು ಕ್ರಮವೂ ಇದೆ. 1992ರಲ್ಲಿ ಅಮೆರಿಕದ ಕುಟುಂಬ ವೈದ್ಯಶಾಸ್ತ್ರದ ಶಿಕ್ಷಕರು ಅದನ್ನು ಐದು ಹೆಜ್ಜೆಯಾಗಿ ಬರೆದಿಟ್ಟರು. ವಿದ್ಯಾರ್ಥಿಯಿಂದ ಒಂದು ತೀರ್ಮಾನ ಹೇಳಿಸಬೇಕು, ಅದಕ್ಕೆ ಕಾರಣ ಕೇಳಬೇಕು, ಎಲ್ಲ ಕಡೆಗೂ ಹೊಂದುವ ಒಂದು ಸೂತ್ರ ಹೇಳಿಕೊಡಬೇಕು, ಸರಿ ಮಾಡಿದ್ದನ್ನು ಹೆಸರಿಸಿ ಮೆಚ್ಚಬೇಕು, ತಪ್ಪನ್ನು ತಿದ್ದಬೇಕು. ನಮ್ಮ ಒಳ್ಳೆಯ ಮೇಷ್ಟ್ರುಗಳು ಯಾವ ತರಬೇತಿಯೂ ಇಲ್ಲದೆ ಇದನ್ನೇ ಮಾಡುತ್ತಿದ್ದರು. ಕೆಟ್ಟವರು ಕೊನೆಯದನ್ನು ಮಾತ್ರ, ಅದೂ ಎಲ್ಲರೆದುರು ಬೈಗುಳದ ರೂಪದಲ್ಲಿ, ಮಾಡುತ್ತಿದ್ದರು.

ವೇಳೆ ಎಲ್ಲಿ ಸೋರಿತು

ಹಾಗಿದ್ದರೆ ಪಾಠ ಯಾಕೆ ಸೊರಗಿತು? ಮೊದಲ ಉತ್ತರ ವೇಳೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಾಲ್ಟಿಮೋರ್‌ನ ಎರಡು ಆಸ್ಪತ್ರೆಗಳಲ್ಲಿ ಇಂಟರ್ನ್‌ಗಳ ಬೆನ್ನುಹತ್ತಿ ಅವರ ದಿನವನ್ನು ಅಳೆಯಿತು. ಆಸ್ಲರ್ ಪಾಠ ಮಾಡಿದ ಆ ಊರಿನಲ್ಲೇ ಅವರು ರೋಗಿಯ ಜೊತೆ ಕಳೆಯುತ್ತಿದ್ದದ್ದು ತಮ್ಮ ವೇಳೆಯ ಶೇ. 12 ಮಾತ್ರ. ಕಂಪ್ಯೂಟರ್ ಮುಂದೆ ಕಳೆದದ್ದು ಸುಮಾರು ಶೇ. 40. ಪರಿಣಾಮ ಇದಕ್ಕೂ ಮೊದಲೇ ಕಾಣತೊಡಗಿತ್ತು. ಹೃದಯದ 12 ಮುಖ್ಯ ಸದ್ದುಗಳನ್ನು ಕೇಳಿಸಿ ಗುರುತಿಸಲು ಹೇಳಿದಾಗ ಅಮೆರಿಕದ ತರಬೇತಿ ವೈದ್ಯರು ಐದರಲ್ಲಿ ಒಂದನ್ನಷ್ಟೇ ಗುರುತಿಸಿದರೆಂದು 1997ರ ಅಧ್ಯಯನವೊಂದು ಹೇಳಿತು. ಇಥಿಯೋಪಿಯಾದಲ್ಲಿ ಹುಟ್ಟಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಸ್ಟ್ಯಾನ್‌ಫರ್ಡ್ ಸೇರಿದ ಲೇಖಕ, ವೈದ್ಯ ಅಬ್ರಹಾಂ ವರ್ಗೀಸ್ 2008ರಿಂದ ಇದನ್ನೇ ಬರೆಯುತ್ತ ಬಂದಿದ್ದಾರೆ. ಪರದೆಯ ಮೇಲಿನ ರೋಗಿಗೆ ಸಿಗುವ ಆರೈಕೆ ಹಾಸಿಗೆಯ ಮೇಲಿನ ರೋಗಿಗೆ ಸಿಗುತ್ತಿಲ್ಲ ಎಂಬುದು ಅವರ ತಕರಾರು. ಪ್ರತಿ ವೈದ್ಯನ ಕೈಗೂ ಬರಲೇಬೇಕಾದ 25 ಪರೀಕ್ಷೆಗಳನ್ನು ಕಲಿಸುವ ಯೋಜನೆಯೂ ಅವರ ವಿಭಾಗದಿಂದಲೇ ಬಂತು.

ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಕಂಪ್ಯೂಟರ್‌ನ ಕಾಟ ಅಷ್ಟಿಲ್ಲ. ಆ ಜಾಗವನ್ನು ಓಡಾಟ ತುಂಬಿದೆ. ರಕ್ತದ ಸ್ಯಾಂಪಲ್ ಹಿಡಿದು ಲ್ಯಾಬಿಗೆ ಹೋಗುವುದು, ಬ್ಲಡ್ ಬ್ಯಾಂಕಿನ ಮುಂದೆ ನಿಲ್ಲುವುದು, ಸ್ಕ್ಯಾನಿನ ಸರದಿಗಾಗಿ ಕಾಡಿಬೇಡುವುದು, ಕಳೆದುಹೋದ ರಿಪೋರ್ಟ್ ಹುಡುಕುವುದು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಅನುಮೋದನೆಗೆ ಕಾಗದ ಜೋಡಿಸುವುದು, ಡಿಸ್ಚಾರ್ಜ್ ಸಮ್ಮರಿ ಬರೆಯುವುದು. ಅಟೆಂಡರ್, ಗುಮಾಸ್ತ, ಟೆಕ್ನಿಷಿಯನ್ ಮಾಡಬೇಕಾದ ಇವೆಲ್ಲ ಹೌಸ್ ಸರ್ಜನ್, ಪಿ.ಜಿ.ಗಳ ಹೆಗಲಿಗೆ ಬಿದ್ದಿವೆ. ಅಡ್ಮಿಷನ್ ದಿನ ಹಾಸಿಗೆ ತುಂಬಿ ನೆಲದ ಮೇಲೂ ರೋಗಿಗಳಿದ್ದಾಗ ರೌಂಡ್ಸ್ ಎಂದರೆ ಓಟವೇ. ಅಲ್ಲಿ ಮುಂದಿನ ರೋಗಿಗೆ ಏನು ಮಾಡಬೇಕೆಂಬ ತೀರ್ಮಾನವಾಗುತ್ತದೆ, ಯಾಕೆ ಎಂಬುದು ಹಿಂದೆ ನಿಂತ ವಿದ್ಯಾರ್ಥಿಗೆ ಕೇಳಿಸುವುದೂ ಇಲ್ಲ.

ಅಮೆರಿಕ ಇದಕ್ಕೊಂದು ಹೊಸ ದಾರಿ ಹಿಡಿಯಿತು. ಒಳರೋಗಿಗಳನ್ನು ನೋಡಿಕೊಳ್ಳುವುದನ್ನೇ ಕಸುಬಾಗಿಸಿಕೊಂಡ ವೈದ್ಯರಿಗೆ 1996ರಲ್ಲಿ ರಾಬರ್ಟ್ ವಾಕ್ಟರ್ ಮತ್ತು ಲೀ ಗೋಲ್ಡ್‌ಮನ್ ‘ಹಾಸ್ಪಿಟಲಿಸ್ಟ್’ ಎಂದು ಹೆಸರಿಟ್ಟರು. ಇಪ್ಪತ್ತು ವರ್ಷದಲ್ಲಿ ಅಂಥವರ ಸಂಖ್ಯೆ 50,000 ಮುಟ್ಟಿತು. ಇಡೀ ದಿನ ವಾರ್ಡಿನಲ್ಲೇ ಇರುವ ಹಿರಿಯರು ಕಲಿಯುವವರ ಕೈಗೆ ಸಿಗುತ್ತಾರೆಂಬುದು ಇದರ ದೊಡ್ಡ ಲಾಭ. ನಮ್ಮ ಯೂನಿಟ್ ಪದ್ಧತಿಯಲ್ಲಿ ಈ ಅನುಕೂಲ ಮೊದಲಿಂದಲೂ ಇರಬೇಕಿತ್ತು. ಆದರೆ ಬೆಳಗಿನ ರೌಂಡ್ಸ್ ಮುಗಿದ ಮೇಲೆ ಹಿರಿಯರು ಓಪಿಡಿಗೋ ಸಭೆಗೋ ಖಾಸಗಿ ಪ್ರಾಕ್ಟೀಸಿಗೋ ಹೋದರೆ ಸಂಜೆಯ ವಾರ್ಡ್ ಪಿ.ಜಿ.ಗಳದ್ದೇ. ಎಂಬಿಬಿಎಸ್ ಮಕ್ಕಳಿಗೆ ನಿಜವಾಗಿ ಪಾಠ ಹೇಳುವವರೂ ಹೆಚ್ಚಾಗಿ ಅವರೇ. ಕಲಿಸುವುದು ಹೇಗೆಂದು ಅವರಿಗೆ ಕಲಿಸಿದವರು ಕಡಿಮೆ.

ನಿದ್ದೆಗೆಟ್ಟ ಕಲಿಕೆ

ಎರಡನೆಯ ವಾದ ಡ್ಯೂಟಿ ಗಂಟೆಗಳದ್ದು. 1984ರಲ್ಲಿ ನ್ಯೂಯಾರ್ಕಿನಲ್ಲಿ ಲಿಬ್ಬಿ ಜಯಾನ್ ಎಂಬ 18 ವರ್ಷದ ಹುಡುಗಿ ಆಸ್ಪತ್ರೆ ಸೇರಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ನೋಡಿಕೊಂಡವರು ದೀರ್ಘ ಪಾಳಿಯಲ್ಲಿದ್ದ ರೆಸಿಡೆಂಟ್‌ಗಳು. ಪತ್ರಕರ್ತನಾಗಿದ್ದ ಅವಳ ತಂದೆ ನಡೆಸಿದ ಹೋರಾಟದಿಂದ 1989ರಲ್ಲಿ ನ್ಯೂಯಾರ್ಕ್ ರಾಜ್ಯ, 2003ರಲ್ಲಿ ಇಡೀ ಅಮೆರಿಕ ವಾರಕ್ಕೆ 80 ಗಂಟೆಯ ಮಿತಿ ಹಾಕಿದವು. ಯೂರೋಪಿನ 48 ಗಂಟೆಯ ನಿಯಮ 2009ರಲ್ಲಿ ಬ್ರಿಟನ್ನಿನ ಕಿರಿಯ ವೈದ್ಯರಿಗೂ ಪೂರ್ಣವಾಗಿ ಅನ್ವಯವಾಯಿತು. ಗಂಟೆ ಕಡಿಮೆಯಾದರೆ ಕಲಿಕೆ ಕೆಡುತ್ತದೆ ಎಂದು ಹಿರಿಯರು ಗೊಣಗಿದರು. ಗಂಟೆ ಕಡಿಮೆಯಾದರೆ ರೋಗಿ ಬದುಕುತ್ತಾನೆ ಎಂದು ಕಿರಿಯರು ವಾದಿಸಿದರು. 2016ರಿಂದ 2019ರವರೆಗೆ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳು ಬಿಗಿ ಪಾಳಿಯ ಮತ್ತು ಸಡಿಲ ಪಾಳಿಯ ತರಬೇತಿಗಳನ್ನು ಹೋಲಿಸಿ ನೋಡಿದವು. ಒಟ್ಟು ಮಿತಿ ಎರಡೂ ಕಡೆ ವಾರಕ್ಕೆ 80 ಗಂಟೆಯೇ. ರೋಗಿಗಳ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಪಾಳಿ ಬದಲಾಗುವಾಗ ರೋಗಿಯ ವಿಷಯವನ್ನು ಹೇಗೆ ದಾಟಿಸುತ್ತಾರೆ ಎಂಬುದು ಮಾತ್ರ ವ್ಯತ್ಯಾಸ ತಂದಿತು. ಒಂಬತ್ತು ಮಕ್ಕಳ ಆಸ್ಪತ್ರೆಗಳಲ್ಲಿ ಹಸ್ತಾಂತರಕ್ಕೆ ಒಂದು ನಿಶ್ಚಿತ ಕ್ರಮ ಕಲಿಸಿದಾಗ ವೈದ್ಯಕೀಯ ತಪ್ಪುಗಳು ಶೇ. 23ರಷ್ಟು, ತಪ್ಪಿಸಬಹುದಾಗಿದ್ದ ಅನಾಹುತಗಳು ಶೇ. 30ರಷ್ಟು ಇಳಿದವು. 2014ರಲ್ಲಿ ಹೊರಬಂದ ಈ ಫಲಿತಾಂಶ ನಮ್ಮ ಪ್ರತಿ ಯೂನಿಟ್ಟಿಗೂ ಕಿವಿಮಾತು. ನಮ್ಮಲ್ಲಿ ಹಸ್ತಾಂತರವೆಂದರೆ ಇಂದಿಗೂ ಎಷ್ಟೋ ಕಡೆ ವಾಟ್ಸ್‌ಆ್ಯಪ್ ಸಂದೇಶ ಅಥವಾ ಕಾರಿಡಾರಿನಲ್ಲಿ ಎರಡು ಮಾತು.

ಭಾರತದಲ್ಲಿ ನಿಯಮಕ್ಕೆ ಬರವಿಲ್ಲ. ಸತತ ಡ್ಯೂಟಿ ಸಾಮಾನ್ಯವಾಗಿ 12 ಗಂಟೆ ಮೀರಬಾರದೆಂದು 1992ರ ರೆಸಿಡೆನ್ಸಿ ಯೋಜನೆಯೇ ಹೇಳಿತ್ತು. 2023ರ ಸ್ನಾತಕೋತ್ತರ ನಿಯಮಾವಳಿ ‘ಸಮಂಜಸ’ ಗಂಟೆಗಳೆಂದು ಹೇಳಿ ಸುಮ್ಮನಾಯಿತು. ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಪರಿಶೀಲಿಸಿದ ರಾಷ್ಟ್ರೀಯ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ, ಸತತ 24 ಗಂಟೆ ಮೀರದಂತೆ ಶಿಫಾರಸು ಮಾಡಿತು. ವಾರ್ಡಿನಲ್ಲಿ ಮೂವತ್ತಾರು ಗಂಟೆ ನಿಂತ ಪಿ.ಜಿ. ಮಾತ್ರ ಈಗಲೂ ಅಪರೂಪದ ದೃಶ್ಯವಲ್ಲ. ಹೆಚ್ಚು ಹೊತ್ತು ನಿಂತರೆ ಹೆಚ್ಚು ಕಲಿತಂತೆ ಎಂಬ ನಂಬಿಕೆ ಆ ದುಡಿಮೆಯಿಂದ ಅನುಕೂಲ ಪಡೆಯುವವರದ್ದು. ಕಣ್ಣು ಬಿಡಲಾಗದವನಿಗೆ ಯಾವ ರೋಗಿಯೂ ಏನನ್ನೂ ಕಲಿಸಲಾರ.

ಪರೀಕ್ಷೆ ಎಳೆದತ್ತ ಓದು

ಮೂರನೆಯದು ಪರೀಕ್ಷೆ. ಇಂಟರ್ನ್‌ಷಿಪ್‌ನ ಹನ್ನೆರಡು ತಿಂಗಳು ಎಂಬಿಬಿಎಸ್‌ನಲ್ಲಿ ಕೈಗೆ ಕೆಲಸ ಸಿಗುವ ಒಂದೇ ವರ್ಷ. ಅದೇ ವರ್ಷ ನೀಟ್-ಪಿಜಿ ತಯಾರಿಯ ವರ್ಷವೂ ಹೌದು. 200 ಬಹು ಆಯ್ಕೆ ಪ್ರಶ್ನೆಗಳು ಬದುಕಿನ ದಿಕ್ಕು ನಿರ್ಧರಿಸುವಾಗ ಕಂಕುಳು ನೋಡುವುದಕ್ಕೆ ಅಂಕವಿಲ್ಲ. ಡ್ಯೂಟಿ ತಪ್ಪಿಸಿ ಮೊಬೈಲಿನಲ್ಲಿ ಕೋಚಿಂಗ್ ವಿಡಿಯೊ ನೋಡುವ ಇಂಟರ್ನ್‌ನನ್ನು ಬೈಯುವುದು ಸುಲಭ. ಅವನನ್ನು ಅಲ್ಲಿಗೆ ದೂಡಿದ್ದು ನಾವು ಕಟ್ಟಿದ ವ್ಯವಸ್ಥೆ. ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ವೈದ್ಯನ ಅರ್ಹತೆಯನ್ನು ನಾಲ್ಕು ಮೆಟ್ಟಿಲಾಗಿ ವಿವರಿಸಿದ್ದ: ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ನಿತ್ಯದ ಕೆಲಸದಲ್ಲಿ ಮಾಡುವುದು. ನಮ್ಮ ಪ್ರವೇಶ ಪರೀಕ್ಷೆಗಳು ಕೆಳಗಿನ ಎರಡು ಮೆಟ್ಟಿಲಲ್ಲೇ ನಿಂತಿವೆ. ಎಂಬಿಬಿಎಸ್ ಕೊನೆಗೆ ಎಲ್ಲರೂ ಬರೆಯಬೇಕೆಂದು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ ಹೇಳಿದ ‘ನೆಕ್ಸ್ಟ್’ ಪರೀಕ್ಷೆ ಮುಂದಕ್ಕೆ ಹೋಗುತ್ತಲೇ ಇದೆ.

ಹಾಗೆಂದು ಹಳೆಯ ‘ಲಾಂಗ್ ಕೇಸ್’ ಪರೀಕ್ಷೆಯನ್ನು ಪೂಜಿಸಬೇಕಾಗಿಲ್ಲ. ಒಂದೇ ರೋಗಿ, ಒಂದೇ ದಿನ, ಇಬ್ಬರು ಮೂವರು ಪರೀಕ್ಷಕರು. ಯಾವ ಕೇಸ್ ಬೀಳುತ್ತದೆ ಎಂಬುದೇ ಹಣೆಬರಹ. ಪರೀಕ್ಷೆಗೆಂದೇ ಪ್ರತಿವರ್ಷ ಬಂದು ಹೋಗುವ, ತನ್ನ ಹೃದಯದ ಕವಾಟದ ಸುದ್ದಿಯನ್ನು ತಾನೇ ಹೇಳಿಬಿಡುವ ರೋಗಿಗಳ ಕಥೆ ಹಳಬರಿಗೆಲ್ಲ ಗೊತ್ತು. ಈ ಅದೃಷ್ಟದಾಟ ತಪ್ಪಿಸಲು ಡಂಡಿಯ ರೊನಾಲ್ಡ್ ಹಾರ್ಡನ್ 1975ರಲ್ಲಿ ಓಸ್ಕಿ ಪದ್ಧತಿ ತಂದ. ಚಿಕ್ಕಚಿಕ್ಕ ಕಟ್ಟೆಗಳಲ್ಲಿ ಒಂದೊಂದು ಕೌಶಲ ತೋರಿಸುವ ಪರೀಕ್ಷೆ ಅದು. ನ್ಯಾಯ ಹೆಚ್ಚಿತು. ಆದರೆ ರೋಗಿಯನ್ನು ಇಡಿಯಾಗಿ ನೋಡುವ ಬಗೆ ಅದರ ಅಳತೆಗೆ ಸಿಗಲಿಲ್ಲ. ಕೊರತೆ ತುಂಬಲು ಬಂದದ್ದು ‘ಮಿನಿ-ಸಿಇಎಕ್ಸ್’. ಶಿಕ್ಷಕ ಹದಿನೈದು ಇಪ್ಪತ್ತು ನಿಮಿಷ ಪಕ್ಕದಲ್ಲಿ ನಿಂತು, ವಿದ್ಯಾರ್ಥಿ ನಿಜವಾದ ರೋಗಿಯನ್ನು ನೋಡುವುದನ್ನು ನೋಡಿ, ಅಲ್ಲೇ ಹೇಳಿಕೊಡುವುದು. ಹೆಸರು ಹೊಸದು, ಕೆಲಸ ಹಳೆಯದು.

ಕಾಗದದ ಮೇಲೆ ಎಲ್ಲ ಸರಿ

ನಿಯಮದ ಪುಸ್ತಕ ನೋಡಿದರೆ ನಾವು ಹಿಂದುಳಿದಿಲ್ಲ. 2019ರಿಂದ ಜಾರಿಯಾದ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಮೊದಲ ವರ್ಷದಿಂದಲೇ ರೋಗಿಯ ಪರಿಚಯ, ನಡತೆ ಮತ್ತು ಸಂವಹನದ ಪಾಠ, ಕೌಶಲ ಪ್ರಯೋಗಾಲಯ, ಲಾಗ್‌ಬುಕ್ ಎಲ್ಲವನ್ನೂ ತಂದಿದೆ. ಪಿ.ಜಿ.ಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ಯೋಜನೆಯೂ ಬಂದಿದೆ. ದೊಡ್ಡ ಆಸ್ಪತ್ರೆಯ ಸೋಸಿದ ಕೇಸುಗಳನ್ನಷ್ಟೇ ಕಂಡವರು ಹಾವು ಕಡಿತ, ಕೀಟನಾಶಕದ ವಿಷ, ಹೆರಿಗೆಯ ರಕ್ತಸ್ರಾವ ಬಂದು ಬೀಳುವ ಮೊದಲ ಬಾಗಿಲನ್ನು ನೋಡುವುದು ಒಳ್ಳೆಯದೇ. ಕಲಿಸಲು ಅಲ್ಲಿ ಯಾರಾದರೂ ಇದ್ದರೆ ಕಲಿಕೆ, ಇಲ್ಲದಿದ್ದರೆ ಖಾಲಿ ಹುದ್ದೆ ತುಂಬುವ ದುಡಿಮೆ.

ತೊಂದರೆ ಇರುವುದು ಎಣಿಕೆಯಲ್ಲಿ. ಪರಿಶೀಲನೆ ಹಾಸಿಗೆ ಎಣಿಸುತ್ತದೆ, ರೋಗಿಗಳ ಸಂಖ್ಯೆ ಎಣಿಸುತ್ತದೆ, ಶಿಕ್ಷಕರ ಹಾಜರಿಯನ್ನು ಈಗ ಮುಖ ನೋಡಿ ಎಣಿಸುತ್ತದೆ. ಎಣಿಕೆಗಾಗಿ ಹಾಸಿಗೆಗೆ ಬಾಡಿಗೆ ರೋಗಿಗಳನ್ನೂ ಹುದ್ದೆಗೆ ಹೆಸರಿಗಷ್ಟೇ ಇರುವ ಶಿಕ್ಷಕರನ್ನೂ ತರುವ ಆರೋಪ 2025ರಲ್ಲಿ ಸಿಬಿಐ ತನಿಖೆಯವರೆಗೆ ಹೋಯಿತು. ಹಾಜರಿ ಹಾಕಿದ ಶಿಕ್ಷಕ ಆ ದಿನ ಒಬ್ಬ ವಿದ್ಯಾರ್ಥಿಯ ಪಕ್ಕದಲ್ಲಾದರೂ ನಿಂತನೇ ಎಂಬುದನ್ನು ಯಾರೂ ಕೇಳುವುದಿಲ್ಲ. ಬಡ್ತಿಗೆ ಸಂಶೋಧನಾ ಲೇಖನ ಬೇಕು, ವಾರ್ಡಿನ ಪಾಠ ಬೇಕಿಲ್ಲ. ಪರೀಕ್ಷೆಯ ಹಿಂದಿನ ವಾರ ಒಂದೇ ಪೆನ್ನಿನಲ್ಲಿ ತುಂಬಿದ ಲಾಗ್‌ಬುಕ್ಕುಗಳಿಗೆ ಒಂದೇ ಕೂರಿಕೆಯಲ್ಲಿ ಸಹಿ ಬೀಳುತ್ತದೆ.

ಮಲಗಿರುವವರ ಮಾತು

ಈ ಚರ್ಚೆಯಲ್ಲಿ ಸದ್ದಿಲ್ಲದೆ ಮಲಗಿರುವವರು ರೋಗಿಗಳು. ಸೀಟು ಹೆಚ್ಚಿದಂತೆ ಒಂದೇ ಹಿಗ್ಗಿದ ಗುಲ್ಮದ ಮೇಲೆ ಹದಿನೈದು ಕೈ ಬೀಳುತ್ತವೆ. ಯಾರೂ ಕೇಳಿರುವುದಿಲ್ಲ, ಪರದೆ ಎಳೆದಿರುವುದಿಲ್ಲ. ಪುಕ್ಕಟೆ ಚಿಕಿತ್ಸೆಗೆ ಇದು ಬೆಲೆ ಎಂಬ ಭಾವನೆ ಹಲವರಲ್ಲಿದೆ. ಅದು ತಪ್ಪು. ರೋಗಿಯ ಒಪ್ಪಿಗೆ ಕೇಳುವುದೂ ಪಾಠದ ಭಾಗವೇ. ಮೇಷ್ಟ್ರು ಕೇಳುವುದನ್ನು ನೋಡದ ವಿದ್ಯಾರ್ಥಿ ಮುಂದೆ ತಾನೂ ಕೇಳುವುದಿಲ್ಲ. ಹಾಗೆ ಕೇಳಿದರೆ ನಮ್ಮ ಜನ ಬೇಡವೆನ್ನುವುದು ಕಡಿಮೆ. ಎದುರಿಗೆ ನಿಂತು ತಮ್ಮ ವಿಷಯ ಮಾತಾಡುವುದನ್ನು, ತಮಗೂ ಅರ್ಥವಾಗುವ ಹಾಗೆ ಹೇಳುವುದನ್ನು ಅವರು ಇಷ್ಟಪಡುತ್ತಾರೆ.

ಮಾತಿನ ಪ್ರಶ್ನೆಯೂ ಇಲ್ಲೇ ಬರುತ್ತದೆ. ಕರ್ನಾಟಕದ ಕಾಲೇಜುಗಳಿಗೆ ದೇಶದ ಎಲ್ಲ ಕಡೆಯಿಂದ ವಿದ್ಯಾರ್ಥಿಗಳು ಬರುತ್ತಾರೆ. ಕಲಬುರಗಿಯ ಅಜ್ಜ ದಮ್ಮು ಎಂದದ್ದು, ಮಂಗಳೂರಿನ ಅಮ್ಮ ತುಳುವಿನಲ್ಲಿ ಹೇಳಿದ್ದು ಅವರಿಗೆ ತಿಳಿಯಬೇಕು. ಐದರಲ್ಲಿ ನಾಲ್ಕು ಕಾಯಿಲೆಗೆ ರೋಗಿಯ ಮಾತೇ ದಾರಿ ಎಂದಾದರೆ ಆ ಮಾತು ಬಾರದವನ ದಾರಿ ಮುಚ್ಚಿದಂತೆಯೇ. ಪಠ್ಯಕ್ರಮದ ಆರಂಭದಲ್ಲಿ ಸ್ಥಳೀಯ ಭಾಷೆಯ ಪಾಠಕ್ಕೆ ಜಾಗವಿದೆ. ಅದು ಮೊದಲ ತಿಂಗಳ ತರಗತಿಯಲ್ಲೇ ಮುಗಿಯಬಾರದು, ವಾರ್ಡಿನವರೆಗೂ ಬರಬೇಕು.

ಏನು ಮಾಡಬೇಕು

ಕಂಪ್ಯೂಟರ್, ಓಡಾಟ, ಡ್ಯೂಟಿ, ಪರೀಕ್ಷೆ, ಪರಿಶೀಲನೆ ಎಂದು ಐದು ದಿಕ್ಕಿನಿಂದ ನೋಡಿದರೂ ಕೊರತೆ ಒಂದೇ ಕಡೆ ಬಂದು ನಿಲ್ಲುತ್ತದೆ. ವಿದ್ಯಾರ್ಥಿ ರೋಗಿಯನ್ನು ನೋಡುವಾಗ ಅವನನ್ನು ನೋಡುವವರಿಲ್ಲ. ಹೇಳಿದ್ದನ್ನು ಕೇಳಿ ಅಂಕ ಕೊಡುತ್ತೇವೆ, ಬರೆದದ್ದನ್ನು ಓದಿ ಸಹಿ ಹಾಕುತ್ತೇವೆ, ಮಾಡುವುದನ್ನು ನೋಡುವುದಿಲ್ಲ. ಹೊಸ ಕಟ್ಟಡ, ಹೃದಯದ ಸದ್ದು ಕೇಳಿಸುವ ಬೊಂಬೆ, ಮತ್ತೊಂದು ಆ್ಯಪ್ ಇದಕ್ಕೆ ಮದ್ದಾಗಲಾರವು. ಬೊಂಬೆಯ ಮೇಲೆ ಕೈ ಪಳಗಿಸಿಕೊಂಡು ಬರುವುದು ರೋಗಿಗೆ ಒಳ್ಳೆಯದು, ಅಲ್ಲಿಗೇ ನಿಲ್ಲುವುದು ಒಳ್ಳೆಯದಲ್ಲ.

ಮಾಡಬಹುದಾದ ಕೆಲಸಗಳು ದುಬಾರಿಯೇನಲ್ಲ. ಸ್ಯಾಂಪಲ್ ಸಾಗಿಸಲು, ಕಾಗದ ಜೋಡಿಸಲು ಪ್ರತಿ ಯೂನಿಟ್ಟಿಗೆ ಪ್ರತ್ಯೇಕ ಸಿಬ್ಬಂದಿ ಕೊಟ್ಟರೆ ಪಿ.ಜಿ.ಗಳಿಗೆ ದಿನಕ್ಕೆ ಕೆಲವು ಗಂಟೆಯಾದರೂ ವಾಪಸು ಸಿಗುತ್ತದೆ. ಕೆಲಸದ ರೌಂಡ್ಸ್ ಬೇರೆ, ಪಾಠದ ರೌಂಡ್ಸ್ ಬೇರೆ ಮಾಡಿ, ಪಾಠಕ್ಕೆ ದಿನಕ್ಕೆ ಇಬ್ಬರೇ ರೋಗಿಗಳನ್ನು ಆರಿಸಿಕೊಂಡರೂ ಸಾಕು. ಪಿ.ಜಿ. ಸೇರಿದ ಮೊದಲ ತಿಂಗಳಲ್ಲೇ ಕಲಿಸುವ ಕಲೆಯ ತರಬೇತಿ ಕೊಡಬೇಕು. ಡ್ಯೂಟಿಯ ಮಿತಿ ಶಿಫಾರಸಾಗಿ ಉಳಿಯದೆ ಕಾಲೇಜಿನ ಮಾನ್ಯತೆಗೆ ಷರತ್ತಾಗಬೇಕು. ಶಿಕ್ಷಕರ ಬಡ್ತಿಯಲ್ಲಿ, ಕಾಲೇಜಿನ ಪರಿಶೀಲನೆಯಲ್ಲಿ, ವಿದ್ಯಾರ್ಥಿಯ ಅಂಕದಲ್ಲಿ ಪಕ್ಕದಲ್ಲಿ ನಿಂತು ನೋಡಿ ತಿದ್ದಿದ ಪಾಠಕ್ಕೆ ಲೆಕ್ಕವಿರಬೇಕು. ಎಣಿಸುವುದೇ ನಮ್ಮ ಪದ್ಧತಿಯಾದರೆ ಇದನ್ನೂ ಎಣಿಸಲಿ.

ಇದನ್ನು ಓದುವವರಲ್ಲಿ ಹೆಚ್ಚಿನವರು ವೈದ್ಯರಲ್ಲ, ವೈದ್ಯರಾಗಲಿರುವ ಮಕ್ಕಳ ತಂದೆ ತಾಯಿಯೋ ರೋಗಿಗಳೋ ಆಗಿರುತ್ತಾರೆ. ಕಾಲೇಜು ಆರಿಸುವಾಗ ಕಟ್ಟಡ, ಹಾಸ್ಟೆಲ್, ಶುಲ್ಕದ ಜೊತೆ ಅಲ್ಲಿನ ಹೌಸ್ ಸರ್ಜನ್ ಒಬ್ಬರನ್ನು ಹುಡುಕಿ ಒಂದು ಪ್ರಶ್ನೆ ಕೇಳಿ: ನೀವು ರೋಗಿಯನ್ನು ಪರೀಕ್ಷಿಸುವಾಗ ನಿಮ್ಮ ಮೇಷ್ಟ್ರು ಕೊನೆಯ ಸಲ ಪಕ್ಕದಲ್ಲಿ ನಿಂತಿದ್ದು ಯಾವಾಗ? ಉತ್ತರಕ್ಕೆ ತಡವರಿಸಿದರೆ ಆ ಕಾಲೇಜಿನ ಬಗ್ಗೆ ಇನ್ನೊಮ್ಮೆ ಯೋಚಿಸಿ.